ಮಾತು ನಿಲ್ಲದ ವೇಗದಲ್ಲಿ: ಯಾರು ಬೇಕಾದರೂ ಓಟ ಶುರು ಮಾಡುವ ಬಗೆ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕಬ್ಬನ್ ಪಾರ್ಕಿಗೆ ಹೋಗಿ ಸುಮ್ನೆ ಒಂದು ಬೆಂಚಿನ ಮೇಲೆ ಕೂತು ನೋಡಿ. ಮೊದಲು ಕಣ್ಣಿಗೆ ಬೀಳುವವರು ಬಾಣದ ಹಾಗೆ ಹೋಗುವ ಹುಡುಗರು. ಹತ್ತು ನಿಮಿಷ ಕೂತರೆ ಉಳಿದವರೂ ಕಾಣುತ್ತಾರೆ. ಸೀರೆಯ ಕೆಳಗೆ ಶೂ ಹಾಕಿಕೊಂಡು ಒಂದು ಮರದಿಂದ ಇನ್ನೊಂದು ಮರದವರೆಗೆ ಓಡಿ, ಮುಂದಿನ ಎರಡು ಮರ ನಡೆಯುವ ಅಜ್ಜಿ. ಬೆವರು ಒರೆಸಿಕೊಳ್ಳುತ್ತಾ ನಡೆಯುವುದಕ್ಕಿಂತ ಸ್ವಲ್ಪವೇ ಜೋರಾಗಿ ಸಾಗುವ ದಪ್ಪ ಮೈಯ ಮನುಷ್ಯ. ಒಂದೇ ದಾರದ ಎರಡು ತುದಿ ಹಿಡಿದು ಜೊತೆಯಾಗಿ ಓಡುವ ಇಬ್ಬರು, ಅವರಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ. ಇವರೆಲ್ಲರೂ ಓಟಗಾರರೇ. ಈ ಬರಹ ಅವರ ಸಾಲಿಗೆ ಸೇರಬೇಕು ಅಂದುಕೊಂಡವರಿಗೆ.

ನಾನು ಶುರು ಮಾಡಿದ್ದು 43ನೇ ವಯಸ್ಸಿನಲ್ಲಿ. ಮೊದಲ ದಿನವೇ ಮೂರು ಕಿಲೋಮೀಟರ್ ಒಂದೇ ಬಿರುಸಿನಲ್ಲಿ ಓಡಿದೆ. ಎರಡನೇ ವಾರಕ್ಕೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ನೋಯತೊಡಗಿತು. ಒಂದು ತಿಂಗಳು ಮನೆಯಲ್ಲಿ ಕೂತೆ. ಮತ್ತೆ ಹೊರಟಾಗ ಒಬ್ಬ ಹಿರಿಯ ಓಟಗಾರ್ತಿ ಪಕ್ಕಕ್ಕೆ ಬಂದು "ನಿಮ್ಮ ಊರು ಯಾವುದು?" ಅಂತ ಕೇಳಿದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. "ಊರಿನ ಹೆಸರು ಹೇಳೋಕಾಗೋವರೆಗೆ ನಿಧಾನ ಮಾಡಿ" ಅಂದರು. ಓಟದ ಬಗ್ಗೆ ಆಮೇಲೆ ನಾನು ಕಲಿತದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

1. ಮೊದಲು ಆರೋಗ್ಯ ನೋಡಿಕೊಳ್ಳಿ

ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸಮಸ್ಯೆ ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ನಡೆಯುವಾಗ ಎದೆ ಬಿಗಿದ ಅನುಭವ ಆಗಿದ್ದರೆ, ಕಾರಣವಿಲ್ಲದೆ ತಲೆಸುತ್ತಿ ಬಿದ್ದಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಕೂಡ ಹೋಗಿ. ನಮ್ಮ ದೇಶದಲ್ಲಿ ಹೃದಯದ ಕಾಯಿಲೆ ಬೇಗ ಬರುತ್ತದೆ. ಹಾಗಾಗಿ ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ.

ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತದ ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದಾದ ಮಾತ್ರೆ ನುಂಗುವವರು ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಳ್ಳದೆ ಹೊರಡಬಾರದು. ಕೈ ನಡುಗಿ ತಣ್ಣನೆ ಬೆವರು ಬಂದರೆ ಕೂಡಲೇ ನಿಂತು ತಿನ್ನಬೇಕು. ಹೆರಿಗೆಯಾದವರು ಕನಿಷ್ಠ ಮೂರು ತಿಂಗಳು ಓಟದ ಯೋಚನೆ ಬಿಟ್ಟು ನಡಿಗೆಯಲ್ಲೇ ಇರಿ. ಓಡುವಾಗ ಮೂತ್ರ ಸೋರಿದರೆ ಅದನ್ನು ನಾಚಿಕೆಯಿಂದ ನುಂಗಿಕೊಳ್ಳಬೇಡಿ. ಫಿಸಿಯೋಥೆರಪಿಯಿಂದ ಸರಿಹೋಗುವ ತೊಂದರೆ ಅದು.

2. ಶೂ, ಬಟ್ಟೆ

ಶೂ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ ನೋಡಿ. ಹಾಕಿದ ಕ್ಷಣವೇ ಹಾಯೆನಿಸುವ ಜೋಡಿ ಸಾಕು, ಬೆಲೆ ಜಾಸ್ತಿ ಇದ್ದರೆ ಗಾಯ ಕಡಿಮೆ ಅನ್ನುವುದೇನೂ ಇಲ್ಲ. ಸುಮಾರು 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಬದಲಿಸಿ.

ಹತ್ತಿಯ ಬನಿಯನ್ ಬೆವರು ಹೀರಿ ಭಾರವಾಗುತ್ತದೆ. ಬೇಗ ಒಣಗುವ ಬಟ್ಟೆ ಒಳ್ಳೆಯದು. ಹೆಂಗಸರಿಗೆ ಸರಿಯಾದ ಸ್ಪೋರ್ಟ್ಸ್ ಬ್ರಾ ಶೂನಷ್ಟೇ ಮುಖ್ಯ. ತೊಡೆ ಉಜ್ಜಿ ಉರಿ ಬರುವವರು ಹೊರಡುವ ಮೊದಲು ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ.

3. ಜಾಗ, ಹೊತ್ತು

ಮಣ್ಣಿನ ದಾರಿ ಸಿಕ್ಕರೆ ಮೊದಲ ಆಯ್ಕೆ ಅದೇ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ, ಬೆಂಗಳೂರಿನಲ್ಲಿ ಲಾಲ್‌ಬಾಗ್ ಇದೆ. ಇಂಥದ್ದೇನೂ ಇಲ್ಲದ ಊರಿನಲ್ಲಿ ಶಾಲೆಯ ಆಟದ ಮೈದಾನ ಇರುತ್ತದೆ. ಅದರ ಸುತ್ತಲೇ ಓಡಿ, ಆದರೆ ಒಂದೇ ದಿಕ್ಕಿಗೆ ಸುತ್ತಬೇಡಿ. ಅರ್ಧ ಹೊತ್ತಿಗೆ ತಿರುಗಿ. ಒಂದೇ ಕಡೆ ವಾಲಿ ಓಡಿದರೆ ಒಂದೇ ಕಾಲಿಗೆ ಹೊರೆ ಬೀಳುತ್ತದೆ. ರಸ್ತೆಯಲ್ಲೇ ಓಡಬೇಕಾದರೆ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ಓಡಿ. ಕತ್ತಲಿದ್ದರೆ ತಿಳಿ ಬಣ್ಣದ ಬಟ್ಟೆ ಬೇಕೇ ಬೇಕು. ಕಿವಿಗೆ ಇಯರ್‌ಫೋನ್ ಬೇಡ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಬೇಸಿಗೆಯಲ್ಲೂ ಬೆಳಗಿನ ಹೊತ್ತು ತಂಪು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ಬಂದರೆ ಬಿಸಿಲು ಹುಟ್ಟುವ ಮೊದಲೇ ಮುಗಿಸಬೇಕು. ಮಂಗಳೂರಿನ ಕಥೆಯೇ ಬೇರೆ. ಅಲ್ಲಿ ಬಿಸಿಲಿಗಿಂತ ಸೆಕೆ ಕಷ್ಟ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಕರಾವಳಿಯವರು ಬೇರೆ ಊರಿನವರ ವೇಗಕ್ಕೆ ತಮ್ಮನ್ನು ಹೋಲಿಸಿಕೊಳ್ಳಲೇಬಾರದು.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತೋರಿಸದೆ, ನಿಧಾನವಾಗಿ ಹಿಂದೆ ಸರಿಯಿರಿ. ಕಚ್ಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಿಕೊಳ್ಳಿ.

4. ವೇಗ

ಹೊಸಬರಲ್ಲಿ ಹೆಚ್ಚಿನವರು ಓಟ ಬಿಡುವುದಕ್ಕೆ ಕಾರಣ ಸೋಮಾರಿತನ ಅಲ್ಲ, ವೇಗ. ನಮಗೆ ಗೊತ್ತಿರುವ ಓಟ ಅಂದರೆ ಶಾಲೆಯ ಸ್ಪೋರ್ಟ್ಸ್ ಡೇ ಓಟ. ಸೀಟಿ ಊದಿದ ಕೂಡಲೇ ಜೀವ ಬಿಟ್ಟು ಓಡಬೇಕು, ಮೊದಲ ಮೂವರಿಗೆ ಬಹುಮಾನ. ಉಳಿದ ಮಕ್ಕಳು ಅವತ್ತೇ "ನನಗೆ ಓಟ ಆಗಲ್ಲ" ಅಂತ ಮನಸ್ಸಿನಲ್ಲಿ ಬರೆದುಕೊಂಡುಬಿಡುತ್ತಾರೆ. ಮೂವತ್ತು ವರ್ಷ ಆದಮೇಲೆ ಮತ್ತೆ ಓಡಲು ಹೋದಾಗಲೂ ಕಾಲಿಗೆ ಅದೇ ವೇಗ ನೆನಪಿರುತ್ತದೆ. ಎರಡು ನಿಮಿಷಕ್ಕೆ ಏದುಸಿರು, ಪಕ್ಕೆ ಹಿಡಿತ, ಮನೆಗೆ ವಾಪಸ್ಸು.

ನಿಮಗೆ ಬೇಕಾದ ವೇಗ ಮಾತಾಡುವ ವೇಗ. ಓಡುತ್ತಾ ಒಂದು ಪೂರ್ತಿ ವಾಕ್ಯ ತಡವರಿಸದೆ ಹೇಳಲು ಆಗಬೇಕು. ಒಬ್ಬರೇ ಇದ್ದರೆ ಜೋರಾಗಿ "ಇವತ್ತು ಬೆಳಿಗ್ಗೆ ನಾನು ಉಪ್ಪಿಟ್ಟು ತಿನ್ನುತ್ತೇನೆ" ಅಂತ ಹೇಳಿ ನೋಡಿ. ಮಧ್ಯದಲ್ಲಿ ಉಸಿರು ಎಳೆದುಕೊಂಡರೆ ನಿಧಾನ ಮಾಡಿ. ಆದರೂ ಆಗದಿದ್ದರೆ ನಡೆಯಿರಿ. ಪಕ್ಕದಲ್ಲಿ ನಡೆಯುವವರು ನಿಮ್ಮನ್ನು ದಾಟಿ ಹೋಗಬಹುದು, ಹೋಗಲಿ. ಶುರುವಿನಲ್ಲಿ ಅನೇಕರ ಸರಿಯಾದ ಓಟ ಜೋರು ನಡಿಗೆಗಿಂತ ನಿಧಾನವೇ ಇರುತ್ತದೆ.

ಇದಕ್ಕೆ ಕಾರಣ ನಮ್ಮ ಮೈಯೊಳಗೇ ಇದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುಗಳಿಗೆ ಇನ್ನಷ್ಟು ಸಮಯ ಬೇಕು. ಎಲುಬಿಗೆ, ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕುವ ನಾರುಗಳಿಗೆ ತಿಂಗಳುಗಳೇ ಹಿಡಿಯುತ್ತವೆ. ಅಂದರೆ ಆರನೇ ವಾರದಲ್ಲಿ "ಉಸಿರು ಚೆನ್ನಾಗಿದೆ, ಇನ್ನೂ ಜೋರಾಗಿ ಹೋಗೋಣ" ಅಂತ ನಿಮಗೆ ಅನ್ನಿಸುವ ಹೊತ್ತಿಗೆ ಹಿಮ್ಮಡಿಯ ನಾರು ಇನ್ನೂ ತಯಾರಾಗಿರುವುದಿಲ್ಲ. ನನ್ನ ಕಾಲು ನೋಯಲು ಇದೇ ಕಾರಣ. ಉಸಿರು ಸಾಲದೆ ನಿಂತ ದಿನ ಏನೂ ನಷ್ಟವಿಲ್ಲ. ಉಸಿರು ಸಾಕಷ್ಟಿದ್ದು ಮೈಮರೆತ ದಿನವೇ ಗಾಯ ಶುರುವಾಗುತ್ತದೆ.

ಓಡುವ ಭಂಗಿಯ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಹೆಜ್ಜೆ ಚಿಕ್ಕದಾಗಿರಲಿ, ಪಾದ ಮೈಯ ಕೆಳಗೇ ಬೀಳಲಿ. ಮುಂದೆ ಚಾಚಿ ಹೆಜ್ಜೆ ಇಟ್ಟರೆ ಮಂಡಿಗೆ ಪೆಟ್ಟು. ಮುಷ್ಟಿ ಬಿಗಿಯಬೇಡಿ, ಭುಜ ಸಡಿಲ ಬಿಡಿ. ಉಳಿದದ್ದು ತಾನಾಗಿ ಬರುತ್ತದೆ.

5. ಹತ್ತು ವಾರದ ದಾರಿ

ಓಡುವುದು, ನಡೆಯುವುದು, ಮತ್ತೆ ಓಡುವುದು. ಈ ಕ್ರಮ ಮೊದಲಿಂದಲೂ ಇದೆ. ಇದನ್ನು ಒಂದು ಪದ್ಧತಿಯಾಗಿ ಜನಪ್ರಿಯ ಮಾಡಿದವರು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಓಡಿದ ಜೆಫ್ ಗ್ಯಾಲೊವೇ. 1996ರಲ್ಲಿ ಜಾಶ್ ಕ್ಲಾರ್ಕ್ ಒಂಬತ್ತು ವಾರಗಳ 'ಕೌಚ್ ಟು 5ಕೆ' (ಸೋಫಾದಿಂದ 5 ಕಿಲೋಮೀಟರ್‌ವರೆಗೆ) ಅನ್ನುವ ವೇಳಾಪಟ್ಟಿ ಮಾಡಿದರು, ಅದು ಜಗತ್ತಿನ ಎಲ್ಲ ಕಡೆ ಹರಡಿತು. ಕೆಳಗಿರುವುದು ನಮ್ಮ ಗುಂಪಿನಲ್ಲಿ ಹೊಸಬರಿಗೆ ಕೊಡುವ, ಇನ್ನೂ ಸ್ವಲ್ಪ ನಿಧಾನದ ಪಟ್ಟಿ. ವಾರಕ್ಕೆ ಮೂರು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು. ಮಂಗಳವಾರ, ಗುರುವಾರ, ಭಾನುವಾರ ಅಂತ ಇಟ್ಟುಕೊಳ್ಳಬಹುದು. ಪ್ರತಿ ದಿನದ ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಬರೀ ನಡಿಗೆ.

- 1 ಮತ್ತು 2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ. ಏಳು ಸಲ.
- 3 ಮತ್ತು 4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ. ಆರು ಸಲ.
- 5 ಮತ್ತು 6ನೇ ವಾರ: 4 ನಿಮಿಷ ಓಟ, 2 ನಿಮಿಷ ನಡಿಗೆ. ನಾಲ್ಕು ಸಲ.
- 7ನೇ ವಾರ: 6 ನಿಮಿಷ ಓಟ, 2 ನಿಮಿಷ ನಡಿಗೆ. ಮೂರು ಸಲ.
- 8ನೇ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ. ಮೂರು ಸಲ.
- 9ನೇ ವಾರ: 12 ನಿಮಿಷ ಓಟ, 2 ನಿಮಿಷ ನಡಿಗೆ. ಎರಡು ಸಲ.
- 10ನೇ ವಾರ: 25ರಿಂದ 30 ನಿಮಿಷ ಬಿಡದೆ ಓಟ. ಬೇಕೆನಿಸಿದರೆ ನಡುವೆ ಒಂದು ನಿಮಿಷ ನಡಿಗೆ.

ಒಂದು ವಾರ ಕಷ್ಟವಾದರೆ ಅದನ್ನೇ ಮತ್ತೆ ಮಾಡಿ. ನಮ್ಮಲ್ಲಿ ಒಬ್ಬರು ಮೂರನೇ ವಾರವನ್ನು ಐದು ಸಲ ಮಾಡಿದರು. ಅವರಿಗೆ 61 ವರ್ಷ. ಏಳು ತಿಂಗಳಿಗೆ 5 ಕಿಲೋಮೀಟರ್ ಮುಗಿಸಿದರು. ಜ್ವರ ಬಂದು ಎರಡು ವಾರ ತಪ್ಪಿದರೆ ಬಿಟ್ಟ ಜಾಗದಿಂದ ಶುರು ಮಾಡಬೇಡಿ, ಎರಡು ಹಂತ ಹಿಂದೆ ಹೋಗಿ.

ಓಡದ ದಿನಗಳಲ್ಲಿ ಎರಡು ದಿನ ಹತ್ತು ನಿಮಿಷ ಕಾಲು ಗಟ್ಟಿ ಮಾಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು ಹದಿನೈದು ಸಲ. ಅರವತ್ತು ದಾಟಿದವರಿಗೆ ಇದು ಓಟಕ್ಕಿಂತಲೂ ಮುಖ್ಯ, ದಯವಿಟ್ಟು ಬಿಡಬೇಡಿ.

6. ಕಣ್ಣು ಕಾಣದವರ ಜೊತೆ, ಗಾಲಿಕುರ್ಚಿಯ ಜೊತೆ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಓಟದ ಬಗ್ಗೆ ಬರೆಯುವವರು ಇದನ್ನು ಕೊನೆಯ ಎರಡು ಸಾಲಿಗೆ ತಳ್ಳಿಬಿಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ. ಕೃತಕ ಕಾಲು ಹಾಕಿಕೊಂಡ ಡಿಕ್ ಟ್ರಾಮ್ 1976ರಲ್ಲೇ ನ್ಯೂಯಾರ್ಕ್ ಮ್ಯಾರಥಾನ್ ಪೂರ್ತಿ ಮಾಡಿದರು. 1983ರಲ್ಲಿ ಅಂಗವಿಕಲರು ಮತ್ತು ಉಳಿದವರು ಜೋಡಿಯಾಗಿ ಓಡುವ ಅಕಿಲೀಸ್ ಕ್ಲಬ್ ಕಟ್ಟಿದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರಲ್ಲಿ ಜಕಾರ್ತಾದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ಗಳಲ್ಲಿ 1500 ಮೀಟರ್ ಚಿನ್ನ ಗೆದ್ದರು. ಕಣ್ಣು ಕಾಣದ ಓಟಗಾರರ ಈ ಮಟ್ಟದ ಓಟದಲ್ಲಿ ಪಕ್ಕದಲ್ಲೊಬ್ಬ ಗೈಡ್ ಇರುತ್ತಾರೆ. ಪಾರ್ಕಿನಲ್ಲಿ ಓಡಲು ಬೇಕಾದದ್ದೂ ಅಷ್ಟೇ, ಒಬ್ಬ ಗೈಡ್ ಮತ್ತು ಒಂದು ದಾರ.

ಗೈಡ್ ಆಗುವುದು ಹೀಗೆ. ಒಂದು ಗಟ್ಟಿ ಶೂ ಲೇಸನ್ನೋ ಮೆತ್ತನೆಯ ಹಗ್ಗವನ್ನೋ ತೆಗೆದುಕೊಂಡು ಎರಡೂ ತುದಿಗೆ ಬೆರಳು ತೂರುವಷ್ಟು ಕುಣಿಕೆ ಹಾಕಿ. ನಡುವೆ ಒಂದು ಗೇಣು, ಒಂದೂವರೆ ಗೇಣು ಉಳಿದರೆ ಸಾಕು. ಯಾವ ಕಡೆ ನಿಲ್ಲಬೇಕು ಅಂತ ಓಡುವವರನ್ನೇ ಕೇಳಿ. ಮೊದಲು ಹತ್ತು ನಿಮಿಷ ನಡೆಯಿರಿ. ದಾರ ಹಿಡಿದ ಎರಡು ಕೈ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ ಹೋಗಬೇಕು. ಅಂದರೆ ನಿಮ್ಮ ಒಳಗಿನ ಕಾಲು ಅವರ ಒಳಗಿನ ಕಾಲಿನ ಜೊತೆಗೇ ಬೀಳಬೇಕು. ಇದು ಹೊಂದಿಕೊಂಡ ಮೇಲೆ ಓಟ.

ಎಂದೂ ಎಳೆಯಬೇಡಿ. ದಾರ ಇರುವುದು ಎಳೆಯಲು ಅಲ್ಲ, ದಿಕ್ಕು ತಿಳಿಸಲು. ಮುಂದಿನದನ್ನು ಮೊದಲೇ ಹೇಳಿ, ಎಣಿಸಿ ಹೇಳಿ. "ಹತ್ತು ಹೆಜ್ಜೆಗೆ ಹಂಪ್ ಇದೆ... ಮೂರು, ಎರಡು, ಒಂದು, ಹಂಪ್." "ಎಡಕ್ಕೆ ನಿಧಾನ ತಿರುವು, ಇನ್ನೂ ತಿರುಗ್ತಾ ಇದೆ, ಈಗ ನೇರ." ನೆಲ ನೋಡುವ ಭರದಲ್ಲಿ ಮೇಲಿನ ಕೊಂಬೆ ಮರೆಯಬೇಡಿ. ನೀವು ತಪ್ಪಿಸಿಕೊಳ್ಳುವ ಕೊಂಬೆ ಅವರ ಹಣೆಗೆ ತಾಗುತ್ತದೆ. "ಇಲ್ಲಿ", "ಅಲ್ಲಿ", "ನೋಡಿ" ಅಂದರೆ ಏನೂ ತಿಳಿಯುವುದಿಲ್ಲ. ಎಡ, ಬಲ, ಏರು, ಇಳಿ, ಮಣ್ಣು, ಟಾರು ಅನ್ನಿ. ಅಪಾಯ ಬಂದಾಗ ಹೇಳುವ ಒಂದೇ ಒಂದು ಪದ ಮೊದಲೇ ಗೊತ್ತು ಮಾಡಿಕೊಳ್ಳಿ. ನಮ್ಮದು "ನಿಲ್ಲು". ಬಹುವಚನ, ಮರ್ಯಾದೆ ಆ ಕ್ಷಣಕ್ಕೆ ಬೇಡ.

ಗೈಡ್ ಆಗುವವರು ಜೊತೆಗಾರರಿಗಿಂತ ಸಲೀಸಾಗಿ ವೇಗ ಓಡಬಲ್ಲವರಾಗಿರಬೇಕು. ಓಟದ ಉದ್ದಕ್ಕೂ ಮಾತಾಡುವ ಕೆಲಸ ನಿಮ್ಮದು, ಅಲ್ವಾ? ಮೊದಲ ಸಲ ಗೈಡ್ ಆಗುವ ಮುನ್ನ ನೀವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಬ್ಬರ ದಾರ ಹಿಡಿದು ನೂರು ಮೀಟರ್ ನಡೆಯಿರಿ. ನಾನು ನಡೆದಾಗ ಸಪಾಟು ರಸ್ತೆಯೂ ಇಳಿಜಾರು ಅನ್ನಿಸಿತು. ಎಣಿಸಿ ಹೇಳುವುದು ಎಷ್ಟು ದೊಡ್ಡ ಆಸರೆ ಅಂತ ಆಗ ಗೊತ್ತಾಯಿತು. ಗುರಿ ಗೆರೆಯನ್ನು ಅವರೇ ಮೊದಲು ದಾಟಲಿ. ದೊಡ್ಡ ಸ್ಪರ್ಧೆಗಳಲ್ಲಿ ಇದು ನಿಯಮ.

ಗಾಲಿಕುರ್ಚಿಯವರು ಮೇಲಿನ ಹತ್ತು ವಾರದ ಪಟ್ಟಿಯನ್ನೇ ಬಳಸಬಹುದು. "ಓಟ" ಇರುವಲ್ಲಿ ಜೋರಾಗಿ ತಳ್ಳುವುದು, "ನಡಿಗೆ" ಇರುವಲ್ಲಿ ಆರಾಮವಾಗಿ ಸಾಗುವುದು. ಬೇಕಾದದ್ದು ನುಣುಪಾದ ನೆಲ, ಕೈಗವಸು, ಚೆನ್ನಾಗಿ ಗಾಳಿ ತುಂಬಿದ ಗಾಲಿ. ಮೂರು ಗಾಲಿಯ ರೇಸಿಂಗ್ ಕುರ್ಚಿ ದುಬಾರಿ, ಶುರುವಿಗೆ ಅದು ಬೇಕಾಗಿಲ್ಲ. ಇಲ್ಲಿ ಮೊದಲು ಸೋಲುವುದು ಭುಜ. ಆದ್ದರಿಂದ ತಳ್ಳುವ ದಿನಗಳ ನಡುವೆ ಬಿಡುವು ಕಡ್ಡಾಯ, ಬೆನ್ನಿನ ಮೇಲ್ಭಾಗದ ವ್ಯಾಯಾಮವೂ ಇರಲಿ. ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳ ಪೋಲಿಯೊ ತಗುಲಿದ ಮೈಯಲ್ಲೇ ಗಾಲಿಕುರ್ಚಿ ಓಟದ ಪದಕಗಳನ್ನು ರಾಶಿ ಹಾಕಿದವರು. ಆದರೂ ನಮ್ಮ ಎಷ್ಟೋ ಪಾರ್ಕುಗಳ ಬಾಗಿಲಲ್ಲಿ ಬೈಕ್ ತಡೆಯಲು ಹಾಕಿದ ಕಂಬಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ. ಗುಂಪು ಕಟ್ಟುವವರು ಜಾಗ ಆರಿಸುವಾಗ ಮೊದಲು ಬಾಗಿಲು ಅಳೆಯಿರಿ.

ಕೃತಕ ಕಾಲಿನವರು ದಿನನಿತ್ಯದ ಕಾಲಿನಲ್ಲಿ ಓಡುವ ಮೊದಲು ಅದನ್ನು ಮಾಡಿಕೊಟ್ಟವರನ್ನು ಕೇಳಿ. ಓಟದ ಪೆಟ್ಟು ತಡೆಯುವ ಹಾಗೆ ಎಲ್ಲವನ್ನೂ ಮಾಡಿರುವುದಿಲ್ಲ. ಪ್ರತಿ ಸಲ ಬಿಚ್ಚಿದಾಗ ಚರ್ಮ ಕೆಂಪಾಗಿದೆಯೇ ನೋಡಿ. ಕಿವಿ ಕೇಳದವರ ಜೊತೆ ಓಡುವಾಗ ಕೈಸನ್ನೆ ಗೊತ್ತು ಮಾಡಿಕೊಂಡು ಅವರ ಕಣ್ಣಿಗೆ ಕಾಣುವ ಹಾಗೆ ಅರ್ಧ ಹೆಜ್ಜೆ ಮುಂದಿರಿ. ಆಟಿಸಂ ಇರುವ ಮಕ್ಕಳಿಗೆ ಅದೇ ದಾರಿ, ಅದೇ ಹೊತ್ತು, ಅದೇ ಜೊತೆಗಾರರು ಇದ್ದರೆ ನೆಮ್ಮದಿ. ದಾರಿ ಬದಲಿಸಬೇಕಾದರೆ ಹಿಂದಿನ ದಿನವೇ ಹೇಳಿ, ಫೋಟೋ ತೋರಿಸಿ.

7. ನೋವು ಬಂದಾಗ

ತೊಡೆ, ಮೀನಖಂಡ ಎರಡೂ ಕಾಲಲ್ಲಿ ಒಂದೇ ರೀತಿ ಮೊಂಡಾಗಿ ನೋಯುತ್ತಿದ್ದರೆ ಅದು ಹೊಸ ಕೆಲಸದ ನೋವು. ಎರಡು ಮೂರು ದಿನಕ್ಕೆ ಹೋಗುತ್ತದೆ. ಒಂದೇ ಕಡೆ, ಬೆರಳಿಟ್ಟು ತೋರಿಸುವಷ್ಟು ಚುಚ್ಚುವ ನೋವು, ಓಡಿದಷ್ಟೂ ಹೆಚ್ಚುವ ನೋವು, ನಡಿಗೆಯನ್ನೇ ಕುಂಟಿಸುವ ನೋವು ಇದ್ದರೆ ಅವತ್ತೇ ನಿಲ್ಲಿಸಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ನಾರು ದಣಿದಿದೆ ಅಂತ ತಿಳಿಯಿರಿ. ನೋವಿನ ಮಾತ್ರೆ ನುಂಗಿ ಓಡುವುದು ಮಾತ್ರ ಬೇಡವೇ ಬೇಡ.

ಎದೆಯ ಮೇಲೆ ಭಾರ ಇಟ್ಟ ಹಾಗಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಕಣ್ಣು ಕತ್ತಲಿಟ್ಟರೆ ಕೂತುಬಿಡಿ, 108ಕ್ಕೆ ಕರೆ ಮಾಡಿಸಿ. ಬಿಸಿಲಲ್ಲಿ ಓಡುತ್ತಿದ್ದವರು ತೊದಲಿದರೆ, ಎಲ್ಲಿದ್ದೇನೆ ಅಂತ ತಿಳಿಯದಂತಾದರೆ ನೆರಳಿಗೆ ಒಯ್ದು ಮೈಗೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಮನೆಯವರ ಫೋನ್ ನಂಬರ್ ಬರೆದ ಚೀಟಿ ಯಾವಾಗಲೂ ಜೇಬಿನಲ್ಲಿರಲಿ.

8. ತಿನ್ನುವುದು, ಕುಡಿಯುವುದು

ಅರ್ಧ ಗಂಟೆಯ ಓಟಕ್ಕೆ ವಿಶೇಷ ಆಹಾರ ಬೇಡ. ಹೊರಡುವ ಮೊದಲು ಅರ್ಧ ಬಾಳೆಹಣ್ಣು, ಒಂದು ಲೋಟ ನೀರು. ಬಂದ ಮೇಲೆ ರಾಗಿ ಗಂಜಿ, ಮೊಳಕೆ ಕಾಳಿನ ಉಸಲಿ, ಮೊಟ್ಟೆ, ದೋಸೆ, ಮನೆಯಲ್ಲಿ ಏನಿದೆಯೋ ಅದು. ಬೆವರು ಜಾಸ್ತಿ ಹೋದ ದಿನ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಾಯಾರಿದಾಗ ಕುಡಿಯಿರಿ. ಬಾಯಾರದೆಯೂ ಬಾಟಲಿಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಅಪಾಯ ಆಗಬಹುದು.

9. ಮೊದಲ 5 ಕಿಲೋಮೀಟರ್, ಮತ್ತು ಗುಂಪು

ಹತ್ತನೇ ವಾರ ಮುಗಿದಾಗ ಅರ್ಧ ಗಂಟೆಗೆ ಮೂರೂವರೆ, ನಾಲ್ಕು ಕಿಲೋಮೀಟರ್ ಓಡುತ್ತಿರುತ್ತೀರಿ. ಪ್ರತಿ ಭಾನುವಾರ ಐದೈದು ನಿಮಿಷ ಸೇರಿಸುತ್ತಾ ಹೋಗಿ, ತಿಂಗಳೊಳಗೆ ಐದು ಮುಟ್ಟುತ್ತೀರಿ. 45 ನಿಮಿಷ ಹಿಡಿದರೂ ಅದು ಐದೇ. ಊರ ಓಟಗಳಲ್ಲಿ ಹೆಸರು ಕೊಡಬೇಕೆಂದರೆ, 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆಯಲ್ಲಿ ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಪ್ರತ್ಯೇಕ ವಿಭಾಗಗಳಿವೆ. ಮುಂದಿನ ಸಾಲಿನಲ್ಲಿ ನಿಲ್ಲಬೇಡಿ, ಹಿಂದೆ ನಿಂತು ಜನ ಕರಗಿದ ಮೇಲೆ ಹೊರಡಿ.

ಗುಂಪು ಸಿಗದಿದ್ದರೆ ನೀವೇ ಕಟ್ಟಿ, ಮೂವರು ಸಾಕು. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ ಪಾಲ್ ಸಿಂಟನ್-ಹ್ಯೂವಿಟ್ ಕರೆದ ಮೊದಲ ಪಾರ್ಕ್‌ರನ್‌ಗೆ ಬಂದ ಓಟಗಾರರು 13 ಮಂದಿ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ಈಗ ಅದು ಶನಿವಾರ ಬೆಳಗಿನ ಮನೆಮಾತು. ದುಡ್ಡಿಲ್ಲ, ಐದು ಕಿಲೋಮೀಟರ್, ನಡೆದರೂ ಸರಿ. ಅಲ್ಲಿಂದ ನಾವು ಎತ್ತಿಕೊಂಡದ್ದು ಒಂದೇ ಪದ್ಧತಿ. ಪ್ರತಿ ವಾರ ಸ್ವಯಂಸೇವಕರೊಬ್ಬರು ಎಲ್ಲರಿಗಿಂತ ಹಿಂದೆ ನಡೆದು ಬರುತ್ತಾರೆ. ಹಾಗಾಗಿ ಹೊಸದಾಗಿ ಬಂದವರು ಯಾರೂ ಕೊನೆಯವರಾಗುವುದಿಲ್ಲ.

ಈ ಪಾಳಿಯನ್ನು ಸರದಿಯಂತೆ ಹಂಚಿಕೊಳ್ಳಿ, ಗುಂಪಿನ ಅತಿ ವೇಗದ ಓಟಗಾರರಿಗೂ ತಿಂಗಳಿಗೊಮ್ಮೆ ಬರಲಿ. ಆ ದಿನ ಅವರು ಗಡಿಯಾರ ಮನೆಯಲ್ಲಿ ಬಿಟ್ಟು, ಜೇಬಿನಲ್ಲಿ ನಾಲ್ಕು ಬಾಳೆಹಣ್ಣು ಮತ್ತು ಒಂದು ಬ್ಯಾಂಡೇಜ್ ಪಟ್ಟಿ ಇಟ್ಟುಕೊಂಡು ಬರಬೇಕು. ಜೊತೆಗೆ ನಡೆಯುವವರನ್ನು ನಿಮ್ಮ ಊರು ಯಾವುದು ಅಂತ ಕೇಳಬೇಕು. ಅವರಿಬ್ಬರೂ ಬಂದು ಮುಟ್ಟುವವರೆಗೆ ಯಾರೂ ನೀರಿನ ಕ್ಯಾನ್ ಗಾಡಿಗೆ ಎತ್ತಿಡಬೇಡಿ.